ಅಲಂಕಾರದ ಸೋರೆ ಬಳ್ಳಿಯ ದೋಷ ನಿವಾರಣೆ: ಯಾವ ಲಕ್ಷಣವನ್ನು ಯಾವ ಹೊತ್ತಿನಲ್ಲಿ ನೋಡಬೇಕು

ತಂಬೂರಿಯ ಬುರುಡೆಯನ್ನು ಮನೆಯ ಮೂಲೆಯಲ್ಲಿ ಕಂಡು ಬೆಳೆದ ಧಾರವಾಡದವರಿಗೆ ಒಣಗಿದ ಸೋರೆಯ ಚೆಲುವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ತಂಬೂರಿಗೆ ಒದಗುವಷ್ಟು ದೊಡ್ಡದಾದ, ದಪ್ಪ ಸಿಪ್ಪೆಯ ಕಾಯಿ ಹಿತ್ತಲಿನಲ್ಲಿ ಬರುವುದು ಅಪರೂಪವೇ ಆದರೂ ಹೂದಾನಿ, ದೀಪದ ಗೂಡು, ಹಕ್ಕಿಗೂಡು, ಸೌಟು, ಮಕ್ಕಳ ಗಿಲಕಿ ಇಂಥವಕ್ಕೆ ಸಾಲುವಷ್ಟು ಕಾಯಿಗಳನ್ನು ಒಂದೇ ಹಂದರದಿಂದ ಪಡೆಯಬಹುದು. ನಾನು ಧಾರವಾಡದ ನಮ್ಮ ಮನೆಯ ಮಸಾರಿ ಮಣ್ಣಿನಲ್ಲಿ ಒಂದು ಹಂದರವನ್ನೂ ಹುಬ್ಬಳ್ಳಿಯಲ್ಲಿರುವ ಅಕ್ಕನ ಮನೆಯ ಎರೆಮಣ್ಣಿನಲ್ಲಿ ಇನ್ನೊಂದನ್ನೂ ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಈ ಎರಡು ಹಂದರಗಳಿಂದ ನಾನು ಕಲಿತದ್ದು ಒಂದೇ ಮಾತು: ಈ ಬಳ್ಳಿಯಲ್ಲಿ ದೋಷವೆಂದು ನಾವು ಗಾಬರಿಪಡುವ ಸಂಗತಿಗಳಲ್ಲಿ ಬಹುಪಾಲನ್ನು ತಪ್ಪು ಹೊತ್ತಿನಲ್ಲಿ ನೋಡಿರುತ್ತೇವೆ. ಮಧ್ಯಾಹ್ನ ಸತ್ತಂತೆ ಕಂಡ ಬಳ್ಳಿ ಸಂಜೆಗೆ ನೆಟ್ಟಗಿರುತ್ತದೆ, ಹಗಲಿನಲ್ಲಿ ಕಾಣದ ಹುಳು ನಸುಕಿನಲ್ಲಿ ಕೈಗೆ ಸಿಗುತ್ತದೆ, ಬೆಳಿಗ್ಗೆ ಮುದುಡಿದ ಹೂವು ಹಿಂದಿನ ರಾತ್ರಿ ಪೂರ್ತಿ ಅರಳಿರುತ್ತದೆ. ಆದ್ದರಿಂದ ಕೆಳಗಿನ ಪ್ರತಿಯೊಂದು ಲಕ್ಷಣದ ಜೊತೆಗೆ ಅದನ್ನು ಪರೀಕ್ಷಿಸಬೇಕಾದ ಹೊತ್ತನ್ನೂ ಹೇಳಿದ್ದೇನೆ.

ಮೊದಲ ಪರೀಕ್ಷೆ: ಹೂವಿನ ಬಣ್ಣ

ಅಲಂಕಾರದ ಸೋರೆ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡಗಳ ಬೀಜ ಮಾರಾಟವಾಗುತ್ತವೆ. ಒಂದು, ನಾವು ಪಲ್ಯಕ್ಕೆ ಬಳಸುವ ಹಾಲಗುಂಬಳದ ಜಾತಿಯೇ. ಅದರ ಹೂವು ಬಿಳಿ, ಸಂಜೆ ಅರಳಿ ಮರುದಿನ ಬೆಳಿಗ್ಗೆ ಬಾಡುತ್ತದೆ, ಕಾಯಿ ಪಕ್ವವಾಗಲು ನಾಲ್ಕರಿಂದ ಐದು ತಿಂಗಳು ಬೇಕು, ಒಣಗಿದರೆ ಸಿಪ್ಪೆ ಕಟ್ಟಿಗೆಯಂತೆ ಗಟ್ಟಿಯಾಗಿ ವರ್ಷಗಟ್ಟಲೆ ಬಾಳುತ್ತದೆ. ಇನ್ನೊಂದು, ಹಳದಿ, ಕಿತ್ತಳೆ, ಹಸಿರು ಪಟ್ಟೆಗಳ ಮುಷ್ಟಿಗಾತ್ರದ ಕಾಯಿ ಬಿಡುವ ಗಿಡ. ಅದು ಜುಕಿನಿಯ ಜಾತಿಗೆ ಸೇರಿದ್ದು, ಹೂವು ಹಳದಿ, ನಸುಕಿನಲ್ಲಿ ಅರಳಿ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ, ಸುಮಾರು ಮೂರು ತಿಂಗಳಲ್ಲಿ ಕಾಯಿ ಬಲಿಯುತ್ತದೆ, ಆದರೆ ಅದರ ಬಣ್ಣ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಒಂದು ವರ್ಷ ನಾನು ಅಂಗಡಿಯೊಂದರಿಂದ ಹಂಸದ ಕತ್ತಿನ ಸೋರೆಯ ಚಿತ್ರವಿದ್ದ ಪೊಟ್ಟಣ ತಂದು ಬಿತ್ತಿದೆ. ಜುಲೈ ಕೊನೆಯ ಒಂದು ಬೆಳಿಗ್ಗೆ ಹಳದಿ ಹೂವು ಕಂಡಾಗಲೇ ಆ ವರ್ಷ ಹಂಸ ಬರುವುದಿಲ್ಲವೆಂದು ತಿಳಿಯಿತು. ನಿಮ್ಮ ಬಳ್ಳಿ ಯಾವುದೆಂದು ಖಚಿತಪಡಿಸಿಕೊಳ್ಳದೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ, ಏಕೆಂದರೆ ಎರಡರ ಗಡಿಯಾರಗಳು ಒಂದಕ್ಕೊಂದು ತಿರುಗಾಮುರುಗಾ.

ಬೀಜ ಹುಟ್ಟುವುದಿಲ್ಲ, ಅಥವಾ ಎರಡೆಲೆಯ ಸಸಿ ಮಾಯವಾಗುತ್ತದೆ

ಬಿಳಿ ಹೂವಿನ ಸೋರೆಯ ಬೀಜದ ಸಿಪ್ಪೆ ದಪ್ಪ. ನೆನೆಸದೆ ಬಿತ್ತಿದರೆ ಅದು ಎರಡು ವಾರದವರೆಗೂ ಸುಮ್ಮನೆ ಮಲಗಿರಬಹುದು. ಆದ್ದರಿಂದ ಎಂಟನೆಯ ದಿನಕ್ಕೇ ಮಣ್ಣು ಕೆದಕಿ ನೋಡುವುದು ಆತುರವಾಗುತ್ತದೆ. ಬೀಜವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ದಿನ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಬೆಚ್ಚನೆಯ ಜಾಗದಲ್ಲಿಟ್ಟು, ಬಿಳಿಯ ಮೊಳಕೆ ಕಂಡ ಬಳಿಕ ಎರಡು ಸೆಂಟಿಮೀಟರ್ ಆಳಕ್ಕೆ ಊರುವುದು ಖರ್ಚಿಲ್ಲದ ಪರಿಹಾರ. ಹದಿನೈದು ದಿನವಾದ ಮೇಲೂ ಏನೂ ಕಾಣದಿದ್ದರೆ ಒಂದು ಬೀಜವನ್ನು ತೆಗೆದು ಬೆರಳಿನಿಂದ ಒತ್ತಿ ನೋಡಿ: ಗಟ್ಟಿಯಾಗಿದ್ದರೆ ಇನ್ನೂ ಕಾಯಬಹುದು, ಪಿಚಕ್ಕೆಂದು ಒಡೆದು ವಾಸನೆ ಬಂದರೆ ಅದು ಕೊಳೆತಿದೆ ಎಂದರ್ಥ. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರೆಮಣ್ಣಿನಲ್ಲಿ ಕೊಳೆಯುವುದೇ ಹೆಚ್ಚು, ಯಾಕೆಂದರೆ ಆ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಮತ್ತು ಮೇಲ್ಪದರ ಒಣಗಿದಾಗ ಹೆಪ್ಪುಗಟ್ಟಿ ಮೊಳಕೆಯನ್ನು ಹೊರಗೆ ಬಿಡುವುದಿಲ್ಲ. ಅಲ್ಲಿ ನೆಲದಲ್ಲಿ ನೇರವಾಗಿ ಬಿತ್ತುವ ಬದಲು, ತಿಪ್ಪೆಗೊಬ್ಬರ ಮತ್ತು ಮರಳು ಬೆರೆಸಿದ ಅರ್ಧ ಅಡಿ ಎತ್ತರದ ದಿಣ್ಣೆ ಮಾಡಿ ಬಿತ್ತಬೇಕು. ಕಾಲವೂ ಮುಖ್ಯ: ನಮ್ಮಲ್ಲಿ ಮಿರಗದ ಮಳೆ ನೆಲ ತೋಯಿಸಿದ ಬಳಿಕ ಜೂನ್‌ನಲ್ಲಿ ಬಿತ್ತಿದ ಬೀಜ ಚೆನ್ನಾಗಿ ಏಳುತ್ತದೆ, ಡಿಸೆಂಬರಿನ ಚಳಿಯಲ್ಲಿ ಬಿತ್ತಿದ್ದು ಏಳುವುದೇ ಕಷ್ಟ.

ಸಸಿ ಎದ್ದು, ದಪ್ಪನೆಯ ಎರಡು ಬೀಜದೆಲೆಗಳು ಜರಡಿಯಂತೆ ತೂತಾಗಿದ್ದರೆ ಅದು ಕೆಂಪು ಕುಂಬಳ ದುಂಬಿಯ ಕೆಲಸ. ಅರ್ಧ ಸೆಂಟಿಮೀಟರಿಗಿಂತ ತುಸು ಉದ್ದದ, ಕಿತ್ತಳೆಗೆಂಪು ಬಣ್ಣದ ಈ ದುಂಬಿ ಬಿಸಿಲಿನಲ್ಲಿ ಮುಟ್ಟುವ ಮೊದಲೇ ಹಾರಿಬಿಡುತ್ತದೆ. ಬೆಳಿಗ್ಗೆ ಆರೂವರೆಯ ಒಳಗೆ ಹೋದರೆ ಇಬ್ಬನಿಯಲ್ಲಿ ಮರಗಟ್ಟಿ ಕುಳಿತಿರುತ್ತದೆ, ಸೋಪಿನ ನೀರಿರುವ ಡಬ್ಬಿಯನ್ನು ಕೆಳಗೆ ಹಿಡಿದು ಎಲೆಯನ್ನು ತಟ್ಟಿದರೆ ಸಾಕು. ಒಲೆಯ ಬೂದಿಯನ್ನು ತೆಳುವಾಗಿ ಎಲೆಯ ಮೇಲೆ ಉದುರಿಸುವ ಹಿರಿಯರ ಪದ್ಧತಿ ಮಳೆ ಬೀಳದಿರುವವರೆಗೆ ಕೆಲಸ ಮಾಡುತ್ತದೆ. ಸಸಿಗೆ ಐದಾರು ಎಲೆ ಬಂದ ಮೇಲೆ ಈ ದುಂಬಿಯ ಹಾವಳಿಯನ್ನು ಬಳ್ಳಿ ತಾನೇ ತಾಳಿಕೊಳ್ಳುತ್ತದೆ. ಸಸಿಯ ಕಾಂಡ ನೆಲದ ಮಟ್ಟದಲ್ಲಿ ಕತ್ತರಿಸಿದಂತಿದ್ದರೆ ಕತ್ತರಿಹುಳು ಇರುತ್ತದೆ. ಬುಡದ ಸುತ್ತ ಒಂದು ಅಂಗುಲ ಆಳಕ್ಕೆ ಮಣ್ಣು ಕೆದಕಿದರೆ ಸುರುಳಿಸುತ್ತಿಕೊಂಡು ಮಲಗಿರುವುದು ಕಾಣುತ್ತದೆ.

ಎಲೆಗಳು ಜೋತುಬೀಳುತ್ತವೆ

ಈ ಒಂದು ಲಕ್ಷಣಕ್ಕೆ ಜನ ಸುರಿಯುವಷ್ಟು ನೀರನ್ನು ಬೇರೆ ಯಾವುದಕ್ಕೂ ಸುರಿಯುವುದಿಲ್ಲ, ಮತ್ತು ಬಹಳ ಬಳ್ಳಿಗಳು ಸಾಯುವುದು ಆ ನೀರಿನಿಂದಲೇ. ಸೋರೆಯ ಎಲೆ ಅಗಲ, ಮಧ್ಯಾಹ್ನದ ಬಿಸಿಲಿನಲ್ಲಿ ಬೇರು ಒದಗಿಸುವುದಕ್ಕಿಂತ ಹೆಚ್ಚು ನೀರು ಅದರಿಂದ ಆವಿಯಾಗುತ್ತದೆ, ಆದ್ದರಿಂದ ಎರಡು ಗಂಟೆಯ ಹೊತ್ತಿಗೆ ಕೊಡೆ ಮಡಚಿದಂತೆ ಜೋತುಬೀಳುವುದು ಅದರ ಸ್ವಭಾವ. ನಿರ್ಣಯಿಸಬೇಕಾದ ಹೊತ್ತು ಬೆಳಿಗ್ಗೆ ಏಳು ಗಂಟೆ. ರಾತ್ರಿಯೆಲ್ಲ ತಂಪಿನಲ್ಲಿದ್ದೂ ಬೆಳಿಗ್ಗೆ ಎಲೆ ನೆಟ್ಟಗಾಗದಿದ್ದರೆ ಮಾತ್ರ ಅದನ್ನು ದೋಷವೆಂದು ಎಣಿಸಬೇಕು.

ಆಗ ಮಾಡಬೇಕಾದ ಮೊದಲ ಪರೀಕ್ಷೆಗೆ ಬೆರಳು ಸಾಕು. ಬುಡದಿಂದ ಒಂದು ಗೇಣು ದೂರದಲ್ಲಿ ನಾಲ್ಕು ಅಂಗುಲ ಆಳಕ್ಕೆ ಮಣ್ಣನ್ನು ತೋಡಿ ಮುಟ್ಟಿನೋಡಿ. ಪುಡಿಪುಡಿಯಾಗಿ ಒಣಗಿದ್ದರೆ ನೀರು ಬೇಕು. ಹಿಡಿದರೆ ಉಂಡೆಯಾಗಿ ಬೆರಳಿಗೆ ಅಂಟಿದರೆ ನೀರು ಹೆಚ್ಚಾಗಿದೆ, ಬೇರು ಉಸಿರುಗಟ್ಟಿದೆ. ನಳದ ನೀರು ಬರುವ ದಿನಕ್ಕಾಗಿ ಕಾದಿದ್ದು, ಬಂದ ದಿನ ಡ್ರಮ್ಮುಗಟ್ಟಲೆ ಸುರಿದು ಮತ್ತೆ ವಾರ ಬಿಡುವ ನಮ್ಮ ಅವಳಿನಗರದ ಬಡಾವಣೆಗಳ ಅಭ್ಯಾಸ ಈ ಬಳ್ಳಿಗೆ ಒಗ್ಗುವುದಿಲ್ಲ. ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಮಸಾರಿ ಮಣ್ಣಿನಲ್ಲಿ ದಿನ ಬಿಟ್ಟು ದಿನ, ಎರೆಮಣ್ಣಿನಲ್ಲಿ ಬೆರಳಿನ ಪರೀಕ್ಷೆ ಹೇಳಿದಾಗ ಮಾತ್ರ ಸ್ವಲ್ಪ ಸ್ವಲ್ಪವಾಗಿ ಉಣಿಸಬೇಕು. ಬುಡದ ಸುತ್ತ ಒಣ ಎಲೆ ಅಥವಾ ಕಬ್ಬಿನ ರವದಿಯನ್ನು ಎರಡು ಅಂಗುಲ ದಪ್ಪ ಹರಡಿದರೆ ಸಾಕಷ್ಟು ನೀರು ಉಳಿಯುತ್ತದೆ. ಟೆರೇಸಿನ ಮೇಲೆ ಬೆಳೆಯುವವರು 40 ಲೀಟರಿಗಿಂತ ಚಿಕ್ಕ ಕುಂಡದಲ್ಲಿ ಈ ಬಳ್ಳಿಯನ್ನು ಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮಣ್ಣಿನ ತೇವ ಸರಿಯಾಗಿದ್ದೂ ಬೆಳಿಗ್ಗೆ ಜೋತುಬಿದ್ದಿದ್ದರೆ ಬುಡದ ಕಾಂಡವನ್ನು ನೋಡಬೇಕು. ಕಾಂಡ ಬಿರಿದು ಕಂದು ಬಣ್ಣದ ಅಂಟು ಒಸರುತ್ತಿದ್ದರೆ ಅದು ಅಂಟುಕಾಂಡದ ಶಿಲೀಂಧ್ರ ರೋಗ. ಒಂದು ಬದಿಯ ಕುಡಿಗಳು ಮಾತ್ರ ಮೊದಲು ಒಣಗಿ ಆಮೇಲೆ ಇಡೀ ಬಳ್ಳಿ ಸೊರಗಿದರೆ ಫ್ಯುಸೇರಿಯಂ ಸೊರಗು ರೋಗದ ಸಂಶಯ ಪಡಬೇಕು. ಎರಡನೆಯದನ್ನು ಖಚಿತಪಡಿಸಿಕೊಳ್ಳಲು ಹೇಗೂ ಉಳಿಯದ ಬಳ್ಳಿಯ ಬುಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿನೋಡಿ: ಆರೋಗ್ಯದ ಕಾಂಡದ ಒಳಗೆ ಹಸಿರುಮಿಶ್ರಿತ ಬಿಳುಪು ಇರುತ್ತದೆ, ರೋಗದ ಕಾಂಡದಲ್ಲಿ ನೀರು ಸಾಗುವ ನಾಳಗಳು ಚಹಾದ ಕಲೆಯಂತೆ ಕಂದಾಗಿರುತ್ತವೆ. ಇದಕ್ಕೆ ಬಳ್ಳಿಯ ಮೇಲೆ ಸಿಂಪಡಿಸುವ ಯಾವ ಔಷಧಿಯೂ ಇಲ್ಲ. ಬೇರಿನೊಂದಿಗೆ ಕಿತ್ತು ಮನೆಯ ಗೊಬ್ಬರದ ಗುಂಡಿಗೆ ಹಾಕದೆ ಹೊರಸಾಗಿಸಬೇಕು, ಆ ಜಾಗದಲ್ಲಿ ಮೂರು ವರ್ಷ ಸೋರೆ, ಸೌತೆ, ಕುಂಬಳದ ಕುಟುಂಬದ ಯಾವುದನ್ನೂ ಹಾಕಬಾರದು.

ಕಿತ್ತ ಬಳ್ಳಿಯ ಬೇರನ್ನು ತೊಳೆದು ನೋಡದೆ ಎಸೆಯಬೇಡಿ. ಅಕ್ಕನ ಮನೆಯಲ್ಲಿ ಒಂದು ಬಳ್ಳಿ ಆಗಸ್ಟ್ ಪೂರ್ತಿ ಗೊಬ್ಬರ ಉಂಡರೂ ಮೊಳಕಾಲೆತ್ತರದಲ್ಲೇ ನಿಂತಿತ್ತು, ಎಲೆ ಸಣ್ಣದು, ಬಣ್ಣ ಮಂಕು, ಬೆಳಿಗ್ಗೆಯೂ ಸುಸ್ತು. ಕಿತ್ತು ಬಕೆಟ್ಟಿನ ನೀರಿನಲ್ಲಿ ಅಲುಗಾಡಿಸಿದಾಗ ಎರೆಮಣ್ಣು ಕರಗಿ ಹೋಗಿ ಬೇರಿನ ತುಂಬ ಶುಂಠಿಯ ಗಂಟುಗಳಂಥ ಉಬ್ಬುಗಳು ಕಂಡವು. ಕೆಲವು ಗುಲಗಂಜಿಯಷ್ಟು, ಕೆಲವು ಅಡಿಕೆಯಷ್ಟು, ಉಗುರಿನಿಂದ ಕೆರೆದರೂ ಬೇರಿನಿಂದ ಬಿಡಿಸಿಕೊಳ್ಳದವು. ಅದು ಬೇರುಗಂಟು ಜಂತುಹುಳುವಿನ ಬಾಧೆ. ಶೇಂಗಾ, ಹೆಸರಿನಂಥ ದ್ವಿದಳದ ಬೇರಿನಲ್ಲಿರುವ ಒಳ್ಳೆಯ ಗಂಟು ಸುಲಭವಾಗಿ ಉದುರುತ್ತದೆ, ಇದು ಉದುರುವುದಿಲ್ಲ. ಸೋರೆಯ ಬೇರಿನಲ್ಲಿ ಒಳ್ಳೆಯ ಗಂಟು ಎಂಬುದೇ ಇಲ್ಲ. ಬೇಸಿಗೆಯಲ್ಲಿ ಆ ಮಡಿಯನ್ನು ಅಗೆದು, ತೋಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ ಏಪ್ರಿಲ್–ಮೇ ಬಿಸಿಲಿಗೆ ಆರು ವಾರ ಬಿಟ್ಟರೆ ಹಾವಳಿ ಬಹಳ ತಗ್ಗುತ್ತದೆ. ಮುಂದಿನ ಹಂಗಾಮಿನಲ್ಲಿ ಬೇವಿನ ಹಿಂಡಿ ಬೆರೆಸಿ, ಸುತ್ತ ಚೆಂಡುಹೂವು ಹಾಕಬೇಕು.

ಎಲೆಯ ಬಣ್ಣ ಅಥವಾ ಆಕಾರ ಕೆಡುತ್ತದೆ

ಹಳದಿ ಬಣ್ಣ ಎಲ್ಲಿಂದ ಆರಂಭವಾಯಿತೆಂಬುದು ಇಲ್ಲಿ ಮುಖ್ಯ. ಬುಡದ ಹಳೆಯ ಎಲೆಗಳು ಸಮವಾಗಿ ಹಳದಿಯಾದರೆ ಸಾರಜನಕದ ಕೊರತೆ, ಅಥವಾ ಎಲೆಗೆ ವಯಸ್ಸಾಗಿದೆ ಅಷ್ಟೆ. ಹಳೆಯ ಎಲೆಯಲ್ಲಿ ನರಗಳ ನಡುವೆ ಮಾತ್ರ ಹಳದಿಯಾದರೆ ಮೆಗ್ನೀಶಿಯಂ ಕಡಿಮೆ. ಕುಡಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣ ಸಿಗುತ್ತಿಲ್ಲ. ಕೊನೆಯದು ಸುಣ್ಣದ ಅಂಶ ಹೆಚ್ಚಿರುವ ಎರೆಮಣ್ಣಿನಲ್ಲಿ ಸಾಮಾನ್ಯ, ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ, ಆದ್ದರಿಂದ ಮೊಳೆ ಹೂಳುವ ಉಪಾಯದಿಂದ ಉಪಯೋಗವಿಲ್ಲ. ಕೊಳೆತ ಗೊಬ್ಬರ ಹೆಚ್ಚಿಸಬೇಕು. ಎಲೆಯ ಅಂಚು ಸುಟ್ಟಂತಾಗಿ ಕುಂಡದ ಬಾಯಿಗೆ ಬಿಳಿಯ ಪುಡಿ ಕಟ್ಟಿದ್ದರೆ ಕೊಳವೆಬಾವಿಯ ಉಪ್ಪು ಸೇರಿದೆ. ಮಳೆನೀರಿನಿಂದ ಒಮ್ಮೆ ಚೆನ್ನಾಗಿ ತೊಳೆದು ಬಸಿಯಬಿಡುವುದೇ ಅದಕ್ಕೆ ಮದ್ದು.

ಎಲೆಯ ಮೇಲ್ಭಾಗದಲ್ಲಿ ರಂಗೋಲಿ ಹಿಟ್ಟು ಉದುರಿದಂತೆ ಬಿಳಿಯ ಪುಡಿ ಕಂಡು, ಬೆರಳಿನಿಂದ ಉಜ್ಜಿದರೆ ಹೋದರೆ, ಅದು ಬೂದಿ ರೋಗ. ಮಳೆ ನಿಂತು, ಹಗಲು ಬಿಸಿಲು ರಾತ್ರಿ ತಂಪು ಎಂಬ ಅಕ್ಟೋಬರ್–ನವೆಂಬರಿನ ಹವೆಯಲ್ಲಿ ಇದು ಬಂದೇ ಬರುತ್ತದೆ; ಕಾಯಿಗಳು ಆಗಲೇ ಬಲಿತಿದ್ದರೆ ಏನನ್ನೂ ಮಾಡಬೇಕಾಗಿಲ್ಲ. ಕಾಯಿ ಇನ್ನೂ ಎಳೆಯದಾಗಿದ್ದರೆ ಬಾಧಿತ ಹಳೆಯ ಎಲೆಗಳನ್ನು ತೆಗೆದು, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಬಿಸಿಲಿರುವ ಬೆಳಿಗ್ಗೆ ಸಿಂಪಡಿಸಬಹುದು. ಗಂಧಕದ ಪುಡಿಯನ್ನು ಸೂಚಿಸುವವರಿದ್ದಾರೆ, ಆದರೆ ಬಿಸಿಲು ಜೋರಾಗಿದ್ದಾಗ ಅದು ಸೌತೆಯ ಕುಟುಂಬದ ಎಲೆಗಳನ್ನು ಸುಡುತ್ತದೆ. ಎಲೆಯ ಮೇಲೆ ನರಗಳ ಗೆರೆ ಹಿಡಿದು ಚೌಕ ಚೌಕವಾದ ಹಳದಿ ಕಲೆಗಳಿದ್ದರೆ ಇಬ್ಬನಿ ಆರುವ ಮೊದಲೇ ಎಲೆ ತಿರುಗಿಸಿ ಕೆಳಭಾಗ ನೋಡಿ. ಬೂದುನೇರಳೆ ಬಣ್ಣದ ತುಪ್ಪಳವಿದ್ದರೆ ಅದು ಬೂಜು ತುಪ್ಪಟ ರೋಗ. ಹತ್ತು ಗಂಟೆಗೆ ಹೋದರೆ ಆ ತುಪ್ಪಳ ಕಾಣುವುದಿಲ್ಲ, ಜನ ಅದನ್ನು ಗೊಬ್ಬರದ ಕೊರತೆ ಎಂದು ಭಾವಿಸಿ ಯೂರಿಯಾ ಹಾಕಿಬಿಡುತ್ತಾರೆ. ಹಂದರದಲ್ಲಿ ಗಾಳಿಯಾಡುವಂತೆ ಕುಡಿಗಳನ್ನು ಬಿಡಿಸಿ, ನೀರನ್ನು ಎಲೆಗೆ ತಾಗಿಸದೆ ಬುಡಕ್ಕೆ ಹಾಕಬೇಕು.

ಹಸಿರು–ಹಳದಿ ಮಚ್ಚೆ ಮೂಡಿ, ಎಲೆ ಗುಳ್ಳೆಗುಳ್ಳೆಯಾಗಿ ಮುದುಡಿ, ಕುಡಿ ಚಿಕ್ಕದಾದರೆ ಅದು ನಂಜು ರೋಗ. ಸಸ್ಯಹೇನು ಮತ್ತು ಬಿಳಿನೊಣಗಳು ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತವೆ, ಗುಣಪಡಿಸುವ ಔಷಧಿ ಇಲ್ಲ, ಕಿತ್ತುಹಾಕಿ ಕೈ ತೊಳೆದುಕೊಂಡೇ ಬೇರೆ ಬಳ್ಳಿಯನ್ನು ಮುಟ್ಟಬೇಕು. ಇಲ್ಲಿ ಒಂದು ಎಚ್ಚರ: ಹಳದಿ ಹೂವಿನ ಜಾತಿಯಲ್ಲಿ ಕಾಯಿಯ ಮೈಮೇಲೆ ನರುಲಿಗಳಿರುವುದೇ ಅಲಂಕಾರವಾಗಿರುವ ತಳಿಗಳಿವೆ, ಆದ್ದರಿಂದ ಕಾಯಿಯ ಗಂಟು ನೋಡಿ ನಂಜೆಂದು ತೀರ್ಮಾನಿಸದೆ ಎಲೆಯನ್ನು ನೋಡಬೇಕು. ಇನ್ನೂ ಒಂದು ವೇಷಧಾರಿ ಇದೆ. ಊರಂಚಿನ ಮನೆಗಳಲ್ಲಿ, ಪಕ್ಕದ ಗೋವಿನಜೋಳದ ಅಥವಾ ಕಬ್ಬಿನ ಹೊಲಕ್ಕೆ ಟೂ-ಫೋರ್-ಡಿ ಕಳೆನಾಶಕ ಹೊಡೆದ ಕೆಲವೇ ದಿನಗಳಲ್ಲಿ ಸೋರೆಯ ಹೊಸ ಎಲೆಗಳು ಬೀಸಣಿಗೆಯಂತೆ ಕಿರಿದಾಗಿ, ಕುಡಿ ತಿರುಚಿಕೊಳ್ಳುತ್ತದೆ. ಮಚ್ಚೆಗಳಿಲ್ಲದೆ ಆಕಾರ ಮಾತ್ರ ಕೆಟ್ಟಿದ್ದರೆ, ಮತ್ತು ಅದೇ ದಿನ ಹಿತ್ತಲಿನ ಟೊಮ್ಯಾಟೊ ಕೂಡ ಸುರುಳಿಸುತ್ತಿದ್ದರೆ, ಇದನ್ನೇ ಶಂಕಿಸಬೇಕು. ಪೆಟ್ಟು ಹಗುರವಾಗಿದ್ದರೆ ಮೂರು ವಾರದಲ್ಲಿ ಹೊಸ ಕುಡಿ ಸರಿಯಾಗಿ ಬರುತ್ತದೆ, ಕಿತ್ತುಹಾಕುವ ಆತುರ ಬೇಡ.

ಹೂವು ರಾಶಿ, ಕಾಯಿ ಮಾತ್ರ ಇಲ್ಲ

ಸೋರೆ ಬೆಳೆಯುವವರೆಲ್ಲ ಒಂದಲ್ಲ ಒಂದು ವರ್ಷ ಆಡುವ ದೂರು ಇದು. ಮೊದಲು ಬಂದ ಹೂವುಗಳೆಲ್ಲ ಗಂಡು ಹೂವುಗಳಾಗಿರುವುದು ಸಹಜ. ಹೆಣ್ಣು ಹೂವು ಹತ್ತು–ಹದಿನೈದು ದಿನ ತಡವಾಗಿ ಬರುತ್ತದೆ. ಗಂಡು ಹೂವಿಗೆ ಉದ್ದವಾದ ತೆಳ್ಳನೆಯ ತೊಟ್ಟು, ಹೆಣ್ಣು ಹೂವಿನ ತೊಟ್ಟು ಗಿಡ್ಡ, ಅದರ ಹಿಂದೆ ಮಖಮಲ್ಲಿನ ಕೂದಲು ಹೊದ್ದ ಪುಟ್ಟ ಸೋರೆಯೇ ಇರುತ್ತದೆ, ಬೆಳೆದಾಗಿನ ಆಕಾರ ಆಗಲೇ ಅದರಲ್ಲಿ ಕಾಣುತ್ತದೆ. ತಿಂಗಳಾದರೂ ಹೆಣ್ಣು ಹೂವೇ ಬರದಿದ್ದರೆ ಎರಡು ಕಾರಣ ಹುಡುಕಬೇಕು. ಒಂದು, ಗೊಬ್ಬರ, ಅದರಲ್ಲೂ ಯೂರಿಯಾ ಹೆಚ್ಚಾಗಿ ಬಳ್ಳಿ ಎಲೆಯ ಅಮಲಿನಲ್ಲಿರಬಹುದು. ಎರಡು, ಕುಡಿ ಚಿವುಟಿಲ್ಲದಿರಬಹುದು. ಬಿಳಿ ಹೂವಿನ ಸೋರೆಯ ಮುಖ್ಯ ಬಳ್ಳಿಯಲ್ಲಿ ಗಂಡು ಹೂವೇ ಹೆಚ್ಚು, ಹೆಣ್ಣು ಹೂವು ಬರುವುದು ಪಕ್ಕದ ಕವಲುಗಳಲ್ಲಿ. ಬಳ್ಳಿ ಹಂದರ ಮುಟ್ಟುವ ಹೊತ್ತಿಗೆ, ಅಂದರೆ ಸುಮಾರು ಆರು ಅಡಿಯಾದಾಗ, ತುದಿಯ ಕುಡಿಯನ್ನು ಉಗುರಿನಿಂದ ಚಿವುಟಿದರೆ ಒಂದೇ ವಾರದಲ್ಲಿ ಕವಲುಗಳು ಒಡೆಯುತ್ತವೆ. ಎಳೆಯ ಕುಡಿ ಚಿವುಟಲು ಮನಸ್ಸು ಬರುವುದಿಲ್ಲವೆಂದು ಅಮ್ಮ ಮೊದಲ ವರ್ಷ ನನ್ನನ್ನು ತಡೆದಿದ್ದರು; ಆ ವರ್ಷ ನಮಗೆ ಎಲೆಯ ಚಪ್ಪರ ಮಾತ್ರ ದಕ್ಕಿತು.

ಹೆಣ್ಣು ಹೂವು ಬಂದಿದ್ದೂ ಅದರ ಹೀಚು ನಾಲ್ಕನೆಯ ದಿನ ಹಳದಿಯಾಗಿ ಬಾಡಿ ಉದುರಿದರೆ ಪರಾಗಸ್ಪರ್ಶ ಆಗಿಲ್ಲ. ಬಿಳಿ ಹೂವಿಗೆ ಪ್ರಕೃತಿಯಲ್ಲಿ ಬರುವ ಅತಿಥಿ ರಾತ್ರಿಯ ಪತಂಗ. ಮನೆಗಳು ಒತ್ತಾಗಿರುವ ಓಣಿಗಳಲ್ಲಿ ಅದು ಕಡಿಮೆ, ಸಂಜೆ ಮಳೆ ಹಿಡಿದರೆ ಬರುವುದೇ ಇಲ್ಲ, ಪರಾಗವೂ ತೊಯ್ದು ಕೆಡುತ್ತದೆ. ಆಗ ಕೈಯಿಂದಲೇ ಮಾಡಬೇಕು, ಮತ್ತು ಬೆಳಿಗ್ಗೆಯವರೆಗೆ ಕಾಯಬಾರದು. ಆಗಸ್ಟಿನಲ್ಲಿ ಆರು ಗಂಟೆ ದಾಟುವಾಗ ಹಂದರದ ಕೆಳಗೆ ನಿಂತರೆ, ಬಿಗಿಯಾಗಿ ಸುತ್ತಿದ ಕರವಸ್ತ್ರದಂತಿದ್ದ ಮೊಗ್ಗು ತುದಿಯಿಂದ ಸಡಿಲವಾಗುವುದು ಕಣ್ಣಿಗೆ ಕಾಣುತ್ತದೆ. ಕಾಲು ಗಂಟೆಯಲ್ಲಿ ಐದು ದಳಗಳು ಇನ್ನೂ ಸುಕ್ಕು ಬಿಡಿಸಿಕೊಳ್ಳುತ್ತ ಚಪ್ಪಟೆಯಾಗುತ್ತವೆ, ಕತ್ತಲಾಗುವ ಹೊತ್ತಿಗೆ ಹಸಿರೆಲ್ಲ ಕಪ್ಪಾಗಿ ಹೂವು ಮಾತ್ರ ಬೆಳ್ಳಗೆ ಉಳಿಯುತ್ತದೆ. ಹೊಸದಾಗಿ ಅರಳಿದ ಗಂಡು ಹೂವನ್ನು ತೊಟ್ಟಿನೊಂದಿಗೆ ಕಿತ್ತು, ದಳಗಳನ್ನು ಹಿಂದಕ್ಕೆ ಹರಿದು ತೆಗೆದು, ನಡುವಿನ ಪರಾಗದ ಗುಂಡನ್ನು ಮೊದಲು ನಿಮ್ಮ ಹೆಬ್ಬೆರಳಿಗೆ ಮುಟ್ಟಿಸಿ. ಕೆನೆಬಣ್ಣದ ಪುಡಿ ಅಂಟಿದರೆ ಮಾತ್ರ ಅದು ಪಕ್ವವಾಗಿದೆ. ಬಳಿಕ ಹೆಣ್ಣು ಹೂವಿನ ನಡುವೆ ಇರುವ ಮೂರು ಹೋಳಿನ ಅಂಟಂಟು ಭಾಗಕ್ಕೆ ಮೂರು ಹೋಳಿಗೂ ತಾಗುವಂತೆ ಮೆಲ್ಲಗೆ ಒತ್ತಿ ಸವರಬೇಕು, ಒಂದೇ ಹೋಳಿಗೆ ತಾಗಿಸಿದರೆ ಕಾಯಿ ಸೊಟ್ಟಗೆ ಬೆಳೆಯುತ್ತದೆ. ತೊಟ್ಟಿಗೆ ಬಣ್ಣದ ದಾರ ಕಟ್ಟಿಟ್ಟರೆ ಯಾವುದು ನಿಮ್ಮ ಕೈಯ ಕಾಯಿ ಎಂಬುದು ತಿಳಿಯುತ್ತದೆ. ಮೂರು–ನಾಲ್ಕು ದಿನದಲ್ಲಿ ಹೀಚು ಉಬ್ಬಿ ತೊಟ್ಟು ಕೆಳಕ್ಕೆ ಬಾಗಿದರೆ ಕಟ್ಟಿತೆಂದೇ ಅರ್ಥ. ಹಳದಿ ಹೂವಿನ ಜಾತಿಗೂ ಕ್ರಮ ಇದೇ, ಆದರೆ ಬೆಳಿಗ್ಗೆ ಎಂಟರ ಒಳಗೆ ಮುಗಿಸಬೇಕು.

ಸಂಜೆಯ ಈ ಕೆಲಸಕ್ಕೆ ಬರಿಗಾಲಿನಲ್ಲಿ ಹೋಗಬಾರದು. ಮಳೆಗಾಲದ ಮುಸ್ಸಂಜೆ ಹಂದರದ ಕೆಳಗಿನ ಒಣಎಲೆಗಳಲ್ಲಿ ಹಾವು, ಚೇಳು ಇರುವ ಸಾಧ್ಯತೆ ನಮ್ಮ ಕಡೆ ಕಡಿಮೆಯೇನಲ್ಲ. ಬ್ಯಾಟರಿಯ ಬೆಳಕು, ಮುಚ್ಚಿದ ಪಾದರಕ್ಷೆ, ಕೈಯಲ್ಲೊಂದು ಕೋಲು ಇರಲಿ. ಬಳ್ಳಿ ಹಂದರ ದಾಟಿ ಮನೆಗೆ ಬರುವ ವಿದ್ಯುತ್ ತಂತಿಯನ್ನು ಹಿಡಿದಿದ್ದರೆ ನೀವೇ ಎಳೆಯಬೇಡಿ, ತೊಯ್ದ ಬಳ್ಳಿಯಲ್ಲಿ ವಿದ್ಯುತ್ ಹರಿಯುತ್ತದೆ. ಹೆಸ್ಕಾಂ ಸಿಬ್ಬಂದಿಗೆ ತಿಳಿಸಿ ಪೂರೈಕೆ ನಿಲ್ಲಿಸಿಯೇ ಬಿಡಿಸಬೇಕು.

ಕಾಯಿ ಅಂಟು ಸುರಿಸುತ್ತದೆ, ಸೊಟ್ಟಾಗುತ್ತದೆ, ಕೊಳೆಯುತ್ತದೆ

ಕಟ್ಟಿದ ಕಾಯಿ ನಿಂಬೆಗಾತ್ರದಿಂದ ಮುಷ್ಟಿಗಾತ್ರದೊಳಗೆ ಇರುವಾಗ ಅದರ ಮೈಮೇಲೆ ಜೇನಿನ ಹನಿಯಂಥ ಅಂಟು ನಿಂತಿದ್ದರೆ ಹನಿಯನ್ನು ಒರೆಸಿ ನೋಡಿ. ಸೂಜಿಯಿಂದ ಚುಚ್ಚಿದಂಥ ತೂತಿದ್ದರೆ ಹಣ್ಣುನೊಣ ಮೊಟ್ಟೆಯಿಟ್ಟಿದೆ. ಆ ಕಾಯಿ ಅಲ್ಲಿಂದ ಒಳಸೆಳೆದುಕೊಂಡು ಸೊಟ್ಟಾಗುತ್ತದೆ, ಕೊಯ್ದರೆ ಒಳಗೆ ಬಿಳಿಯ ಹುಳುಗಳಿರುತ್ತವೆ. ಕೆಟ್ಟ ಕಾಯಿಯನ್ನು ಬೇಲಿಯಾಚೆ ಎಸೆದರೆ ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ನಿಮ್ಮ ಹಂದರಕ್ಕೇ ಬರುತ್ತದೆ, ಆದ್ದರಿಂದ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿನಲ್ಲಿ ಒಂದು ವಾರ ಇಡಬೇಕು. ತಡೆಯುವ ಉಪಾಯ ಅಗ್ಗದ್ದು: ಪರಾಗ ಮುಟ್ಟಿಸಿದ ಮೂರನೆಯ ದಿನ ಹೀಚಿಗೆ ಹಳೆಯ ಸೀರೆಯ ತುಂಡಿನ ಸಡಿಲ ಚೀಲ ತೊಡಿಸಿ, ಸಿಪ್ಪೆ ಗಟ್ಟಿಯಾಗುವವರೆಗೆ ಬಿಡಬೇಕು. ಕ್ಯೂ-ಲ್ಯೂರ್ ಎಂಬ ವಾಸನೆಯಿಂದ ಸೆಳೆಯುವ ಬಲೆ ಗಂಡು ನೊಣಗಳನ್ನು ಮಾತ್ರ ಹಿಡಿಯುತ್ತದೆ. ನೆರೆಹೊರೆಯವರೂ ತೂಗುಹಾಕಿದರೆ ಅದಕ್ಕೆ ಬಲ ಬರುತ್ತದೆ.

ಕಾಯಿಯ ತುದಿ ಮಾತ್ರ ಒತ್ತಿದರೆ ತಗ್ಗುವಂತೆ ಕಪ್ಪಾಗಿ, ತೂತು–ಹುಳು ಇಲ್ಲದಿದ್ದರೆ ಸುಣ್ಣದಂಶ ಕಾಯಿಯ ತುದಿಗೆ ತಲುಪಿಲ್ಲ. ಇದಕ್ಕೆ ಬಹುಪಾಲು ಕಾರಣ ಮೊದಲೇ ಹೇಳಿದ ಏರುಪೇರಿನ ನೀರು. ನೆಲಕ್ಕೆ ತಾಗಿದ ಬದಿ ಕೊಳೆತರೆ ಕೆಳಗೆ ಹೆಂಚಿನ ಚೂರು ಇಡಿ. ಉದ್ದ ಕತ್ತಿನ ಕಾಯಿ ನೇರವಾಗಿ ಬೇಕೆಂದರೆ ತೂಗಬಿಡಬೇಕು, ಬಾಗಬೇಕೆಂದರೆ ನೆಲದ ಮೇಲೆ ಬೆಳೆಸಬೇಕು, ಅದು ದೋಷವಲ್ಲ.

ಸಿಂಪಡಿಸಲೇಬೇಕಾದರೆ

ಲೀಟರು ನೀರಿಗೆ 5 ಮಿಲಿಲೀಟರು ಬೇವಿನ ಎಣ್ಣೆ, ಕರಗಲು ಒಂದಿಷ್ಟು ಸೋಪಿನ ದ್ರಾವಣ ಬೆರೆಸಿ ಎಲೆಯ ಕೆಳಭಾಗಕ್ಕೆ ಹೊಡೆದರೆ ಸಸ್ಯಹೇನು, ಬಿಳಿನೊಣ ಹದಕ್ಕೆ ಬರುತ್ತವೆ. ಸಂಜೆಯೇ ಸಿಂಪಡಿಸಬೇಕೆಂಬ ಸಾಮಾನ್ಯ ಸಲಹೆ ಹಳದಿ ಹೂವಿನ ಬಳ್ಳಿಗೆ ಸರಿ, ಏಕೆಂದರೆ ಅದರ ಜೇನುನೊಣಗಳು ಬೆಳಿಗ್ಗೆ ಬರುತ್ತವೆ. ಬಿಳಿ ಹೂವಿನ ಸೋರೆಗೆ ಮಾತ್ರ ಅದು ತಿರುಗಿ ಬೀಳುತ್ತದೆ, ಆಗಲೇ ಅರಳುವ ಹೂವನ್ನೂ ಪತಂಗವನ್ನೂ ಕೆಡಿಸುತ್ತದೆ. ಅದಕ್ಕೆ ಬಿಸಿಲೇರುವ ಮೊದಲಿನ ನಸುಕೇ ಸರಿಯಾದ ಹೊತ್ತು. ಹೊಲಕ್ಕೆಂದು ತಂದು ಉಳಿದ ಕೀಟನಾಶಕವನ್ನು ಅಂದಾಜಿನ ಮೇಲೆ ಹಿತ್ತಲಿಗೆ ಹೊಡೆಯಬಾರದು.

ಎರಡು ಬಳ್ಳಿಗಳು ಒಂದೇ ವಾರದಲ್ಲಿ ಸೊರಗಿದರೆ, ನಂಜು ಬೇರೆ ತರಕಾರಿಗೂ ಹಬ್ಬಿದರೆ, ಅಥವಾ ಬೇರಿನಲ್ಲಿ ಗಂಟು ಕಂಡರೆ ಮನೆಮದ್ದು ನಿಲ್ಲಿಸಿ ತಿಳಿದವರಿಗೆ ತೋರಿಸಬೇಕು. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಗದಗಿನವರಿಗೆ ಹುಲಕೋಟಿಯ ಮತ್ತು ಹಾವೇರಿಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳು ಹತ್ತಿರ. ಎಲೆಯೊಂದನ್ನೇ ಒಯ್ಯದೆ, ಬೇರು ಮತ್ತು ಬುಡದ ಮಣ್ಣಿನೊಂದಿಗೆ ಗಿಡವನ್ನು ಬೆಳಿಗ್ಗೆ ಕಿತ್ತು ಪತ್ರಿಕೆಯಲ್ಲಿ ಸುತ್ತಿ ಒಯ್ಯಬೇಕು. ಪ್ಲಾಸ್ಟಿಕ್ಕಿನಲ್ಲಿ ಬೆವೆತು ಕೊಳೆತ ಮಾದರಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಅಡುಗೆಯ ಹಾಲಗುಂಬಳ ಕಹಿಯಾಗಿದೆ

ಇದೊಂದು ಲಕ್ಷಣವನ್ನು ಎಂದೂ ಹಗುರವಾಗಿ ತೆಗೆದುಕೊಳ್ಳಬಾರದು. ಅಲಂಕಾರದ ಸೋರೆಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಹೆಚ್ಚಾಗಿರಬಹುದು, ಕುದಿಸಿದರೂ ಅದು ಹೋಗುವುದಿಲ್ಲ. ಬಿಳಿ ಹೂವಿನ ಅಲಂಕಾರದ ಸೋರೆಯೂ ಅಡುಗೆಯ ಹಾಲಗುಂಬಳವೂ ಒಂದೇ ಜಾತಿಯಾದ್ದರಿಂದ ಅಕ್ಕಪಕ್ಕ ಬೆಳೆದರೆ ಪರಾಗ ಬೆರೆಯುತ್ತದೆ. ಈ ವರ್ಷದ ಹಾಲಗುಂಬಳದ ರುಚಿ ಅದರಿಂದ ಬದಲಾಗದು, ಆದರೆ ಅದರ ಬೀಜದಿಂದ ಮುಂದಿನ ವರ್ಷ ಬಂದ ಬಳ್ಳಿ ನೋಡಲು ಹಾಲಗುಂಬಳದಂತೆಯೇ ಇದ್ದು ಕಹಿಕಾಯಿ ಬಿಡಬಹುದು. ಕೊಯ್ದ ತುದಿಯ ಚೂರನ್ನು ನಾಲಿಗೆಗೆ ಮುಟ್ಟಿಸಿ, ಕಹಿಯಿದ್ದರೆ ಉಗುಳಿ ಇಡೀ ಕಾಯಿಯನ್ನು ಬಿಸಾಡಬೇಕು. ಕಹಿ ಸೋರೆಯ ರಸ ಕುಡಿದು ಜನ ಸತ್ತ ಪ್ರಕರಣಗಳ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೂ ಕಹಿ ರಸವನ್ನು ಕುಡಿಯಬಾರದೆಂದೇ ಹೇಳಿದೆ. ತಿಂದ ಬಳಿಕ ವಾಂತಿ, ಭೇದಿ, ಹೊಟ್ಟೆನೋವು ಕಂಡರೆ, ಅದರಲ್ಲೂ ವಾಂತಿಯಲ್ಲಿ ರಕ್ತ ಕಂಡರೆ, ಮಜ್ಜಿಗೆ ಕುಡಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೆ ಪ್ರತಿವಿಷ ಇಲ್ಲ, ಬೇಗ ಹೋಗುವುದೇ ಚಿಕಿತ್ಸೆಯ ಅರ್ಧ.

ಒಣಗಲು ಇಟ್ಟ ಕಾಯಿಗೆ ಬೂಜು ಹಿಡಿದಿದೆ

ನಮ್ಮ ಮನೆಯಲ್ಲಿ ಒಂದು ದೀಪಾವಳಿಯ ಸ್ವಚ್ಛತೆಯಲ್ಲಿ ಏಳು ಒಳ್ಳೆಯ ಕಾಯಿಗಳು ಕಸದ ಗಾಡಿ ಸೇರಿದ್ದು ಈ ತಪ್ಪು ತಿಳಿವಳಿಕೆಯಿಂದ. ಸೋರೆಯ ಒಳಗಿನ ನೀರು ಸಿಪ್ಪೆಯ ಮೂಲಕವೇ ಹೊರಬರಬೇಕಾದ್ದರಿಂದ ಮೇಲೆ ಬೂದು, ಕಪ್ಪು, ಬಿಳಿ ಬೂಜು ಮೂಡುವುದು ಒಣಗುವಿಕೆಯ ಭಾಗವೇ. ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಬೂಜು ಹೇಳುವುದಿಲ್ಲ, ಹೆಬ್ಬೆರಳು ಹೇಳುತ್ತದೆ: ಒತ್ತಿದಾಗ ಗಟ್ಟಿಯಾಗಿದ್ದರೆ ಇಟ್ಟುಕೊಳ್ಳಿ, ತಗ್ಗಿದರೆ ಅಥವಾ ದುರ್ವಾಸನೆಯ ನೀರು ಒಸರಿದರೆ ಎಸೆಯಿರಿ. ಕಾಯಿ ಸುಕ್ಕುಗಟ್ಟಿ ಕುಸಿದರೆ ಅದನ್ನು ಎಳೆಯದಾಗಿರುವಾಗಲೇ ಕೊಯ್ದಿದ್ದೀರಿ. ತೊಟ್ಟೂ ಅದರ ಪಕ್ಕದ ಹಿಡಿಬಳ್ಳಿಯೂ ಒಣಗಿ ಕಂದಾದ ಮೇಲೆ, ಎರಡು–ಮೂರು ಅಂಗುಲ ತೊಟ್ಟು ಉಳಿಸಿ ಕತ್ತರಿಸಬೇಕು. ಚಿತ್ತಿ, ಸ್ವಾತಿ ಮಳೆಗಳು ಜೋರಾಗಿ ಹಿಡಿದರೆ ಹಸಿರು ಬಣ್ಣ ಕಳೆದುಕೊಂಡ ಕಾಯಿಗಳನ್ನು ಮಾತ್ರ ಒಳಗೆ ತರಬಹುದು. ನೆರಳಿನಲ್ಲಿ, ಗಾಳಿಯಾಡುವ ಪಡಸಾಲೆಯಲ್ಲಿ, ಒಂದಕ್ಕೊಂದು ತಾಗದಂತೆ ತೂಗುಹಾಕಿ ವಾರಕ್ಕೊಮ್ಮೆ ನೋಡಬೇಕು. ಗಾತ್ರಕ್ಕೆ ತಕ್ಕಂತೆ ಎರಡರಿಂದ ಆರು ತಿಂಗಳು ಬೇಕಾಗುತ್ತದೆ.

ಒಣಗಿದ ಕಾಯಿಯ ಬೂಜನ್ನು ಒಣಗಿದ್ದಂತೆಯೇ ಉಜ್ಜಿದರೆ, ಕೊರೆದರೆ ಎದ್ದ ಧೂಳು ಮೂಗು, ಶ್ವಾಸಕೋಶಕ್ಕೆ ಹೋಗಿ ಎರಡು ದಿನ ಜ್ವರದಂತೆ ಕಾಡುತ್ತದೆ. ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒದ್ದೆಯಾಗಿರುವಾಗಲೇ ತೆಂಗಿನ ನಾರಿನಿಂದ ತಿಕ್ಕಬೇಕು. ಕೊರೆಯುವಾಗ ಮೂಗು–ಬಾಯಿ ಮುಚ್ಚುವ ಒಳ್ಳೆಯ ಮುಖಗವಸು ಇರಬೇಕು, ಅಸ್ತಮಾ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಬ್ಲೀಚಿಂಗ್ ನೀರಿನಿಂದ ತೊಳೆಯುವುದಾದರೆ ಅದಕ್ಕೆ ಶೌಚಾಲಯದ ಆಸಿಡ್ಡನ್ನಾಗಲಿ ವಿನೆಗರನ್ನಾಗಲಿ ಎಂದೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಅಲುಗಾಡಿಸಿದಾಗ ಬೀಜ ಗಿಲಗಿಲ ಎಂದರೆ ಬುರುಡೆ ಸಿದ್ಧ. ಒಳಗಿನ ಬೀಜವನ್ನು ಮುಂದಿನ ಮಿರಗಕ್ಕೆಂದು ತೆಗೆದಿಡುವಾಗ ಪೊಟ್ಟಣದ ಮೇಲೆ ‘ತಿನ್ನುವುದಕ್ಕಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದು, ಅಡುಗೆಮನೆಯ ಬೀಜದ ಡಬ್ಬಿಯಿಂದ ದೂರವಿಡಿ.